ರಿಜಿಸ್ಟರಿನಲ್ಲಿ ನಾಲ್ಕು, ಡಬ್ಬಿಯಲ್ಲಿ ಎರಡು

೧೪ ಜುಲೈ ೨೦೦೩, ಸೋಮವಾರ

ಎಂಟೂವರೆಗೇ ಲ್ಯಾಬ್. ಅಟೆಂಡರ್ ಜೋಗಪ್ಪ ಕಸ ಹೊಡೆಯುವ ಮೊದಲೇ ಬೀಗ ತೆಗೆಸಿದೆ. ಹಳೇ ಮಷೀನುಗಳಲ್ಲಿ ಏಳು ಸ್ಟಾರ್ಟ್ ಆಗಲಿಲ್ಲ — ಎಂದಿನಂತೆ. ಎರಡಕ್ಕೆ ಬದಿಯಲ್ಲಿ ಒಂದೊಂದು ಏಟು ಕೊಟ್ಟೆ, ಆದವು. ಉಳಿದ ಐದಕ್ಕೆ ಅಸದುಲ್ಲಾ ಸಾಬರನ್ನು ಕರೆಸಬೇಕು. ಬಸ್ ಸ್ಟ್ಯಾಂಡಿನ ಹಿಂದೆ ಅವರದು ರೇಡಿಯೋ ರಿಪೇರಿ ಅಂಗಡಿ. ಈಗ ಕೊಟ್ಟೂರಿನಲ್ಲಿ ಕಂಪ್ಯೂಟರ್, ಯುಪಿಎಸ್ ಏನೇ ಕೆಟ್ಟರೂ ಅವರೇ.

ಮಧ್ಯಾಹ್ನ ಹೊಸ ಸರ್ವರ್ ಬಂತು! ಹುಬ್ಬಳ್ಳಿಯಿಂದ ಇಬ್ಬರು ಎಂಜಿನಿಯರ್‌ಗಳು ಬಂದು ಲಿನಕ್ಸ್ ಹಾಕಿ, ಚಾ ಕುಡಿದು ಹೋದರು. ಅವರು ಗೇಟು ದಾಟಿದ ಮೇಲೆ ನಾನೇ ಕೂತು ನೋಡಿದೆ. ಪ್ರೊಸೆಸರುಗಳ ವಿವರ ಇರುವ ಸಿಪಿಯುಇನ್ಫೋ ಫೈಲ್ ತೆಗೆದರೆ ಪ್ರೊಸೆಸರ್ ಸೊನ್ನೆ, ಒಂದು, ಎರಡು, ಮೂರು. ಒಟ್ಟು ನಾಲ್ಕು! ಬಿಲ್ಲಿನಲ್ಲಿ ಎರಡು ಅಂತ ಇದೆ. ಗುಮಾಸ್ತರ ಕೈತಪ್ಪು ಇರಬೇಕು. ಆದರೂ ಇನ್ನೊಂದು ಸಲ ಖಾತ್ರಿ ಮಾಡಿಕೊಂಡೆ. ಕೆಳಗೆ ಫಿಸಿಕಲ್ ಐಡಿ ಅಂತ ಇರುತ್ತದೆ — ೦, ೦, ೩, ೩. ಸೊನ್ನೆಯಿಂದ ಮೂರರವರೆಗೆ ಅಂದರೆ ನಾಲ್ಕೇ. ಸರಿ ಇದೆ.

ಪ್ರಿನ್ಸಿಪಾಲರಿಗೆ ಹೇಳಿದೆ. ನಕ್ಕರು. “ನಾಕು ಬಂದಿದ್ರ ನಾಕು ಅಂತ ಬರೀರಿ. ಅವ್ರಿಗೆ ಫೋನ್ ಹಚ್ಚಿ ಹೇಳಾಕ ಹೋಗಬ್ಯಾಡ್ರಿ ಮತ್ತ.”

ಕಾಲೇಜಿನ ಸಾಮಾನೆಲ್ಲ ದಾಖಲಾಗುವ ಡೆಡ್ ಸ್ಟಾಕ್ ರಿಜಿಸ್ಟರಿನಲ್ಲಿ ಬರೆದೆ. ಸರ್ವರ್ ಒಂದು. ಪ್ರೊಸೆಸರ್ ನಾಲ್ಕು. ಪಕ್ಕದಲ್ಲಿ ‘ಖುದ್ದಾಗಿ ಪರಿಶೀಲಿಸಿದೆ’. ಸಂಘಮಿತ್ರಾ ಜಿ., ಲ್ಯಾಬ್ ಇನ್‌ಚಾರ್ಜ್. ಸಹಿ ಕೊಂಚ ಉದ್ದವೇ ಆಯಿತು. ಆಗಲಿ, ಈ ಕಾಲೇಜಿನಲ್ಲಿ ಇಂಥದ್ದು ಓದಿ ಹೇಳಬಲ್ಲವಳು ನಾನೊಬ್ಬಳೇ.

೧೯ ಆಗಸ್ಟ್ ೨೦೦೩, ಮಂಗಳವಾರ

ಹರಪನಹಳ್ಳಿ ಕಾಲೇಜಿನಿಂದ ಇಬ್ಬರು ಲೆಕ್ಚರರ್ ಸರ್ವರ್ ನೋಡಲು ಬಂದಿದ್ದರು. ನಲವತ್ತು ಹುಡುಗರು ಒಟ್ಟಿಗೆ ಲಾಗಿನ್ ಆಗಿದ್ದರು, ಒಂದೂ ತಡವರಿಸಲಿಲ್ಲ. “ನಾಕು ಪ್ರೊಸೆಸರ್ ಸರ್,” ಅಂದೆ. ಒಬ್ಬರು ಕಣ್ಣರಳಿಸಿದರು. ಇನ್ನೊಬ್ಬರು ಬರೆದುಕೊಂಡರು.

ಮನೆಗೆ ಬಂದು ಅವ್ವನಿಗೂ ಹೇಳಿದೆ. “ನಾಕು ಇರ್ಲಿ ನಲವತ್ತು ಇರ್ಲಿ, ನಿನ್ನ ಕೆಲ್ಸ ಕಾಯಂ ಯಾವಾಗ ಆಕ್ಕೈತಿ?” ಅಂದಳು.

ಜೂನ್‌ಗೆ ಪ್ರೊಬೇಷನ್ ಮುಗಿಯುತ್ತದೆ. ಆಗಲೇಬೇಕು, ಆಗುತ್ತದೆ. ಅಪ್ಪ ತಾಲೂಕು ಆಫೀಸಿನಲ್ಲಿ ಅಟೆಂಡರ್ ಆಗಿಯೇ ರಿಟೈರ್ ಆದವರು. ಅವರಿದ್ದಿದ್ದರೆ ಪೇಪರಿನವರಿಗೇ ಹೇಳಿ ಬರುತ್ತಿದ್ದರು.

೧೭ ಫೆಬ್ರವರಿ ೨೦೦೪, ಮಂಗಳವಾರ

ಸರ್ವರಿನ ಗಡಿಯಾರ ಕೆಟ್ಟಿದೆ. ಕರೆಂಟು ಹೋಗಿ ಯುಪಿಎಸ್ ಕೈ ಕೊಟ್ಟಾಗಲೆಲ್ಲ ತಾರೀಖು ನಾಲ್ಕು ವರ್ಷ ಹಿಂದಕ್ಕೆ ಓಡುತ್ತದೆ. ಹುಡುಗರ ಪ್ರಾಕ್ಟಿಕಲ್ ಫೈಲುಗಳೆಲ್ಲ ಅವರು ಹೈಸ್ಕೂಲಿನಲ್ಲಿದ್ದಾಗ ಬರೆದಂತೆ ಕಾಣುತ್ತಿವೆ.

ಅಸದುಲ್ಲಾ ಸಾಬರು ಬಂದರು. ನನಗೆ ಎರಡು ತಾಸು ಕ್ಲಾಸು. ಕೀಲಿ ಕೊಟ್ಟು ಹೋದೆ. ಒಳಗೆ ಒಂದು ರೂಪಾಯಿ ನಾಣ್ಯದಷ್ಟು ಸೆಲ್ ಇರುತ್ತದಂತೆ, ಅದು ಸತ್ತಿತ್ತು. ಬದಲಿಸಿ, ಫ್ಯಾನಿನ ಧೂಳೂ ಊದಿ, ಡಬ್ಬಿ ಮುಚ್ಚಿ ಕೂತಿದ್ದರು. ತಮ್ಮ ಹಳೇ ಕ್ಯಾನ್ವಾಸ್ ಚೀಲದಿಂದ ಸತ್ತ ಸೆಲ್ ತೆಗೆದು ತೋರಿಸಿದರು. “ಹಳೇದು ನೋಡ್ರಿ ಮೇಡಂ. ಆಮ್ಯಾಲ ಬದ್ಲಿ ಮಾಡೇ ಇಲ್ಲ ಅನ್ನಬಾರ್ದು.” ಯಾವ ಸಾಮಾನು ಬದಲಿಸಿದರೂ ಹಳೆಯದನ್ನು ತೋರಿಸದೆ ಹೋಗುವುದಿಲ್ಲ. ಮೂವತ್ತು ವರ್ಷದ ರೂಢಿ.

ತಾರೀಖು ಸರಿ ಮಾಡಿ ಸರ್ವರ್ ಎಬ್ಬಿಸಿದೆ. ಓಡುತ್ತಿದೆ.

೨೪ ಮಾರ್ಚ್ ೨೦೦೪, ಬುಧವಾರ

ಸ್ಟಾಕ್ ವೆರಿಫಿಕೇಷನ್. ನಡೆದದ್ದನ್ನೆಲ್ಲ ಬರೆಯುತ್ತೇನೆ.

ಸೂಪರಿಂಟೆಂಡೆಂಟ್ ಹುಲುಗಣ್ಣನವರು ಕೆಂಪು ಪೆನ್ಸಿಲ್ ಹಿಡಿದು ಹತ್ತಕ್ಕೆ ಬಂದರು. ಅವರ ಪದ್ಧತಿ ಎಲ್ಲರಿಗೂ ಗೊತ್ತು. ರಿಜಿಸ್ಟರಿನಲ್ಲಿರುವ ಪ್ರತಿ ಸಾಮಾನನ್ನೂ ಪೆನ್ಸಿಲ್ ತುದಿಯಿಂದ ಮುಟ್ಟಿಯೇ ಟಿಕ್ ಹಾಕುವುದು. ಕುರ್ಚಿಗೆ ಒಂದು ಮುಟ್ಟು, ಟೇಬಲ್ಲಿಗೆ ಒಂದು ಮುಟ್ಟು, ಸೀಲಿಂಗ್ ಫ್ಯಾನಿಗೆ ಸ್ಟೂಲ್ ಹತ್ತಿ ಒಂದು ಮುಟ್ಟು. ಹಿಂದೆ ಜೋಗಪ್ಪ ಸ್ಟೂಲ್ ಹೊತ್ತು ತಿರುಗಬೇಕು.

“ಪ್ರೊಸೆಸರ್ ನಾಕು. ಎಲ್ಲಿ, ತೋರ್ಸ್ರಿ.”

“ಅವು ಒಳಗ ಇರ್ತಾವು ಸರ್, ಮುಟ್ಟಾಕ ಬರಂಗಿಲ್ಲ. ಸ್ಕ್ರೀನ್ ಮ್ಯಾಲ ತೋರಿಸ್ತೀನಿ,” ಅಂದೆ. ಜಂಭದಿಂದಲೇ ಅಂದೆ. ಜೋಗಪ್ಪನಿಗೂ ಕಾಣಲಿ ಅಂತ ಮಾನಿಟರ್ ತಿರುಗಿಸಿ ಇಟ್ಟೆ.

ಸೊನ್ನೆ. ಒಂದು. ಅಷ್ಟೇ, ಮುಂದೆ ಏನೂ ಇಲ್ಲ.

ಮತ್ತೊಮ್ಮೆ ಟೈಪ್ ಮಾಡಿದೆ. ಸೊನ್ನೆ, ಒಂದು. ಹುಲುಗಣ್ಣನವರು ಕನ್ನಡಕ ಸರಿ ಮಾಡಿಕೊಂಡು ಪೆನ್ಸಿಲಿನಿಂದ ಗಾಜಿನ ಮೇಲೇ ಎರಡು ಸಾಲು ಮುಟ್ಟಿದರು. “ರಿಜಿಸ್ಟರ್‌ದಾಗ ನಾಕು ಐತಿ. ಸಹಿ ನಿಮ್ದ ಐತಿ. ಇಲ್ಲಿ ಎರಡ ಅದಾವು. ಉಳಿದ ಎರಡು ಎಲ್ಲಿ ಹೋದ್ವು?”

ನನಗೆ ಗೊತ್ತಿರಲಿಲ್ಲ. ಜುಲೈನಲ್ಲಿ ನಾಲ್ಕು ಇದ್ದದ್ದು ನನ್ನ ಕಣ್ಣಿಂದ ನೋಡಿದ್ದೇನೆ. ಡಬ್ಬಿ ಯಾರಾದರೂ ತೆಗೆದಿದ್ದರೇ ಅಂತ ಮಾತು ಬಂತು. ಅಸದುಲ್ಲಾ ಸಾಬರ ಹೆಸರು ಬಂತು. ಹುಲುಗಣ್ಣನವರು ಗೇಟಿನ ಪುಸ್ತಕ ತರಿಸಿದರು, ಜೋಗಪ್ಪ ತಂದ. ಫೆಬ್ರವರಿ ೧೭, ಒಳಗೆ ಹತ್ತೂ ಇಪ್ಪತ್ತು, ಹೊರಗೆ ಹನ್ನೆರಡೂವರೆ. ‘ಚೀಲ ಸಮೇತ’ ಅಂತ ವಾಚ್‌ಮನ್ ಬರೆದಿದ್ದಾನೆ.

“ಎರಡು ತಾಸು ಒಬ್ಬನ ಇದ್ದ?” ಹುಲುಗಣ್ಣನವರು ಕೇಳಿದರು. ನಾನು ಹೌದು ಅಂದೆ. ಇದ್ದದ್ದು ಹೌದಲ್ಲವೇ.

ಸಂಜೆಯ ಹೊತ್ತಿಗೆ ಸ್ಟಾಫ್ ರೂಮಿನ ಗೋಡೆಗೂ ಗೊತ್ತಾಗಿತ್ತು.

೨೫ ಮಾರ್ಚ್, ಗುರುವಾರ

ಬೆಳಿಗ್ಗೆ

ರಜೆ ಹಾಕಲಿಲ್ಲ. ಹಾಕಿದರೆ ನನ್ನ ಮೇಲೂ ಅನುಮಾನ ಬರುತ್ತದೆ. ಹೋಗಿ ಸರ್ವರಿನ ಖಾಲಿ ರಟ್ಟಿನ ಡಬ್ಬದಲ್ಲಿ ಹುಡುಕಿದೆ. ತಳದಲ್ಲಿ ಪ್ಲಾಸ್ಟಿಕ್ ಕವರಿನ ಸಮೇತ ಮ್ಯಾನ್ಯುಯಲ್ ಸಿಕ್ಕಿತು. ಎಂಟು ತಿಂಗಳಿಂದ ಬಿಚ್ಚೇ ಇಲ್ಲ! ಖುದ್ದಾಗಿ ಪರಿಶೀಲಿಸಿದವಳು ನಾನು...

ಸಂಜೆ ೫

ಸಿಕ್ಕಿತು. ಹೈಪರ್‌ಥ್ರೆಡಿಂಗ್ ಅಂತ ಅದರ ಹೆಸರು.

ಒಂದು ಪ್ರೊಸೆಸರ್ ತಾನು ಇಬ್ಬರು ಅಂತ ಲಿನಕ್ಸ್‌ಗೆ ಹೇಳಿಕೊಳ್ಳುತ್ತದೆ. ಲಿನಕ್ಸ್ ನಂಬುತ್ತದೆ, ಎರಡು ಅಂತ ಎಣಿಸುತ್ತದೆ. ನಮ್ಮಲ್ಲಿ ಎರಡು ಇದ್ದವು, ನಾಲ್ಕು ಅಂತ ತೋರಿಸಿತು. ಮಷೀನು ಏಳುವಾಗ ಎಲ್ಲಕ್ಕಿಂತ ಮೊದಲು ಓಡುವ ಬಯೋಸ್‌ನಲ್ಲಿ ಅದಕ್ಕೊಂದು ಸ್ವಿಚ್. ಹುಬ್ಬಳ್ಳಿಯವರು ಆನ್ ಮಾಡಿ ಹೋಗಿದ್ದರು. ಸೆಲ್ ಸತ್ತು ಹೊಸದು ಕೂತಾಗ ಬಯೋಸ್ ಎಲ್ಲ ಮರೆತು ಫ್ಯಾಕ್ಟರಿಯಲ್ಲಿ ಇದ್ದಂತೆ ಆಗಿದೆ. ಫ್ಯಾಕ್ಟರಿಯಲ್ಲಿ ಅದು ಆಫ್. ನಾನು ತಾರೀಖು ಮಾತ್ರ ಸರಿ ಮಾಡಿದೆ, ಬೇರೆ ಏನನ್ನೂ ನೋಡಲಿಲ್ಲ.

ಫಿಸಿಕಲ್ ಐಡಿ ೦, ೦, ೩, ೩. ಒಂದೇ ನಂಬರ್ ಎರಡು ಸಲ ಬಂದರೆ ಒಂದೇ ಚಿಪ್‌ನ ಎರಡು ಮುಖ. ಆ ಸೊನ್ನೆ, ಮೂರು ಬರೀ ಹೆಸರು, ಎಣಿಕೆ ಅಲ್ಲ. ಮೊದಲ ದಿನವೇ ಕಣ್ಣ ಮುಂದೆ ಇತ್ತು. ನಾನು ಸೊನ್ನೆಯಿಂದ ಮೂರರವರೆಗೆ ಎಣಿಸಿದೆ.

ಮನೆಗೆ ಬಂದಾಗ ಅವ್ವ ಮತ್ತು ಪಕ್ಕದ ಮನೆಯ ದ್ಯಾಮಕ್ಕ ರೊಟ್ಟಿ ಬಡಿಯುತ್ತಿದ್ದರು. ಒಲೆ ಒಂದು, ಹಂಚು ಒಂದು, ಕೈ ಇಬ್ಬರದು. ಅವ್ವ ತಟ್ಟುವಾಗ ದ್ಯಾಮಕ್ಕನದು ಹಂಚಿನ ಮೇಲೆ. ಆಕೆ ತಟ್ಟುವಾಗ ಇವಳದು. ಹಂಚು ಖಾಲಿ ಬೀಳುವುದಿಲ್ಲ, ಹಾಗಾಗಿ ಲಾಭ ಇದೆ. ಆದರೆ ಇಬ್ಬರೂ ಒಮ್ಮೆಲೇ ತಟ್ಟಿ ಮುಗಿಸಿದರೆ ಒಬ್ಬಳು ಕೈಯಲ್ಲಿ ಹಿಡಿದುಕೊಂಡು ಕಾಯಬೇಕು. ಹಂಚು ಎರಡಾಗುವುದಿಲ್ಲ. ಇದೇ ಅದು! ನಕ್ಕುಬಿಟ್ಟೆ. ದ್ಯಾಮಕ್ಕ ತನ್ನನ್ನು ನೋಡಿ ನಕ್ಕೆ ಅಂದುಕೊಂಡು ಮುಖ ಊದಿಸಿದಳು.

೨೬ ಮಾರ್ಚ್, ಶುಕ್ರವಾರ

ಒಂಬತ್ತಕ್ಕೆ ಬಯೋಸ್‌ಗೆ ಹೋಗಿ ಸ್ವಿಚ್ ಆನ್. ಸೊನ್ನೆ, ಒಂದು, ಎರಡು, ಮೂರು! ಪರೀಕ್ಷೆ ಮಾಡಿಯೂ ನೋಡಿದೆ. ಹುಡುಗರ ಇಂಟರ್ನಲ್ ಮಾರ್ಕ್ಸ್ ಪ್ರೋಗ್ರಾಮನ್ನು ನಾಲ್ಕು ತುಂಡು ಮಾಡಿ ಒಟ್ಟಿಗೆ ಓಡಿಸಿದರೆ, ಎರಡು ತುಂಡು ಮಾಡಿದ್ದಕ್ಕಿಂತ ಕಾಲು ಭಾಗ ಬೇಗ. ಅರ್ಧಕ್ಕರ್ಧ ಅಲ್ಲ. ಹಂಚು ಎರಡೇ ಅಲ್ಲವೇ.

ಇನ್ನು ಏನು ಹೇಳುವುದು ಅಂತ ಯೋಚಿಸಿದೆ. ಮೊದಲಿಂದಲೂ ಎರಡೇ ಇದ್ದವು, ನಾನು ಬರೆದದ್ದು ತಪ್ಪು ಅಂತ ಹೇಳಬಹುದು. ಪ್ರೊಬೇಷನ್ ಫೈಲ್ ಆಡಳಿತ ಮಂಡಳಿಯ ಮುಂದೆ ಇದೆ. ಅಥವಾ ನಾಲ್ಕು ಇವೆ, ನೋಡಿ, ಸೆಟ್ಟಿಂಗ್ ಹೆಚ್ಚುಕಡಿಮೆ ಆಗಿತ್ತು, ಸರಿ ಮಾಡಿದೆ ಅಂತ ಹೇಳಬಹುದು. ಎರಡನೆಯದು ಹೇಳಿದರೆ ರಿಜಿಸ್ಟರೂ ಸರಿ, ನಾನೂ ಸರಿ, ಸಾಬರೂ ಸರಿ. ಯಾರ ಮಾನವೂ ಹೋಗುವುದಿಲ್ಲ.

ಎರಡನೆಯದನ್ನೇ ಹೇಳಿದೆ. ಹನ್ನೆರಡಕ್ಕೆ ಹುಲುಗಣ್ಣನವರನ್ನು ಕರೆದು ತೋರಿಸಿದೆ. ಪೆನ್ಸಿಲ್ ತುದಿಯಿಂದ ನಾಲ್ಕೂ ಸಾಲು ಮುಟ್ಟಿ ನೋಡಿದರು. ಟಿಕ್ ಹಾಕಿದರು. “ಅಂತೂ ಬಂದ್ವು,” ಅಂದರು.

ಅಸದುಲ್ಲಾ ಸಾಬರೂ ಇವತ್ತೇ ಬಂದಿದ್ದರು. ಯುಪಿಎಸ್ ಬ್ಯಾಟರಿಗೆ ನೀರು ಹಾಕಲು ನಾನೇ ಹೇಳಿ ಕಳಿಸಿದ್ದೆ, ಜುಮ್ಮಾ ನಮಾಜಿಗೆ ಮುಂಚೆ ಬಂದು ಹೋದರು. ಬೇಕೆಂದೇ ಕರೆಸಿದ್ದು. ಕಾಲೇಜಿನವರೆಲ್ಲ ಅವರನ್ನು ಮೊದಲಿನಂತೆ ನೋಡಲಿ ಅಂತ. ಎಲ್ಲ ಸರಿಹೋಯಿತು. ಎರಡು ದಿನದ ಮೇಲೆ ಹೊಟ್ಟೆ ತುಂಬ ಉಂಡೆ.

೨೯ ಮಾರ್ಚ್, ಸೋಮವಾರ

ಸರಿಹೋಗಿಲ್ಲ.

ಸ್ಟಾಫ್ ರೂಮಿನಲ್ಲಿ ಇಂಗ್ಲಿಷ್ ಲೆಕ್ಚರರ್ ನನ್ನ ಭುಜ ತಟ್ಟಿದರು. “ಭಾಳ ಶಾಣ್ಯಾತನ ಮಾಡಿದ್ರಿ ಮೇಡಂ. ಯುಪಿಎಸ್ ನೆವ ಮಾಡಿ ಕರೆಸಿ, ಗಪ್‌ಚಿಪ್ ವಾಪಸ್ ಇಡಿಸಿಬಿಟ್ರಿ. ಪೊಲೀಸು ಗಿಲೀಸು ಇಲ್ಲದ.”

ನನಗೆ ಒಮ್ಮೆಲೇ ತಿಳಿಯಲಿಲ್ಲ. ಆಮೇಲೆ ದಿನಗಳನ್ನು ಕೂಡಿಸಿ ನೋಡಿದೆ. ಬುಧವಾರ ಎರಡು ಇದ್ದವು. ಶುಕ್ರವಾರ ಸಾಬರು ಒಳಗೆ ಹೋಗಿ ಬಂದರು. ಶುಕ್ರವಾರ ನಾಲ್ಕಾದವು. ಯಾರೇ ಕೂಡಿಸಿದರೂ ಇದೇ ಬರುತ್ತದೆ. ಕದ್ದಿದ್ದ, ಹೆದರಿ ಇಟ್ಟು ಹೋದ.

“ಹಂಗಲ್ಲ ಸರ್, ಅದು ಸೆಟ್ಟಿಂಗ್—” ಅಂದೆ. “ಇರ್ಲಿ ಬಿಡ್ರಿ, ನಮಗೂ ತಿಳಿತೈತಿ,” ಅಂತ ಕಣ್ಣು ಮಿಟುಕಿಸಿದರು.

ಮೊನ್ನೆ ಅದು ಬರೀ ಅನುಮಾನ ಇತ್ತು. ನಾನು ಸಾಕ್ಷಿ ಒದಗಿಸಿಬಿಟ್ಟೆ.

೩೧ ಮಾರ್ಚ್, ಬುಧವಾರ

ಮೀರಾಬಿ ಬಂದಿದ್ದರು. ಅಸದುಲ್ಲಾ ಸಾಬರ ಹೆಂಡತಿ. ಲ್ಯಾಬ್ ಬಾಗಿಲಲ್ಲಿ ನಿಂತರು, ಕರೆದರೂ ಒಳಗೆ ಬರಲಿಲ್ಲ. ಕಾಲೇಜಿನ ಒಂದು ಕೀಲಿ ಅವರ ಅಂಗಡಿಯಲ್ಲಿತ್ತು, ಅದನ್ನು ಕೊಡಲು ಬಂದದ್ದು.

“ನಾಳಿಂದ ಬರಂಗಿಲ್ಲಂತ ಹೇಳ್ಯಾರ. ಹಡಗಲಿ ಸಾಲಿಯವ್ರೂ ಬ್ಯಾಡ ಅಂದ್ರು, ಹಗರಿಬೊಮ್ಮನಹಳ್ಳಿ ಆಸ್ಪತ್ರಿಯವ್ರೂ ಬ್ಯಾಡ ಅಂದ್ರು. ಇಬ್ರೂ ಒಂದ ಮಾತು. ‘ಮುಂದ ನೋಡೋಣ’ ಅಂತ.”

“ಮೀರಾಬಿ, ಈಗ ನಾಕೂ ಅದಾವು. ರಿಜಿಸ್ಟರ್‌ದಾಗ ಟಿಕ್ ಬಿದ್ದೈತಿ. ನಿಮ್ಮವ್ರ ಮ್ಯಾಲ ಏನೂ ಇಲ್ಲ.”

ಅವರು ನನ್ನನ್ನೇ ನೋಡಿದರು. “ಇಟ್ಟು ಹೋದ ಅಂತಾರಲ್ರಿ. ತಗೊಂಡಾವ ತಾನ ಇಡೋದು?”

ಕೈ ಚಾಚಿ ಕೀಲಿ ತೆಗೆದುಕೊಂಡೆ. ಕೀಲಿ ಟೇಬಲ್ಲಿನ ಮೇಲಿದೆ.

೧ ಏಪ್ರಿಲ್, ಗುರುವಾರ

ಅವ್ವನಿಗೆ ಎಲ್ಲ ಹೇಳಿದೆ. ಹೈಪರ್‌ಥ್ರೆಡಿಂಗ್ ಹಂಚಿನ ಲೆಕ್ಕದಲ್ಲಿ ಹೇಳಿದೆ. ಒಂದೇ ಸಲಕ್ಕೆ ಅರ್ಥ ಮಾಡಿಕೊಂಡಳು. ಸ್ಟಾಫ್ ರೂಮಿನವರಿಗಿಂತ ಬೇಗ.

“ಹಂಗಾರ ತಪ್ಪು ನಿಂದ.”

“ಹೌದು.”

ಅವ್ವ ಜೋಳ ಹಸನು ಮಾಡುತ್ತಲೇ ಇದ್ದಳು. ಆಮೇಲೆ ಅಪ್ಪನ ಸುದ್ದಿ ತೆಗೆದಳು. ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಆಫೀಸಿನ ಗೋಡೆ ಗಡಿಯಾರ ಕಾಣೆಯಾಗಿ ಅಪ್ಪನ ಹೆಸರು ಬಂದಿತ್ತಂತೆ. ನನಗೆ ಯಾರೂ ಹೇಳಿರಲಿಲ್ಲ. “ಸಾಹೇಬ್ರು ತಾವ ರಿಪೇರಿಗೆ ಕಳಿಸಿ ಮರ್ತಿದ್ರು. ಗಡಿಯಾರ ವಾಪಸ್ ಬಂತು. ‘ಸಿಕ್ತು ಬಿಡಪ್ಪ ಗಾಳೆಪ್ಪ’ ಅಂದ್ರು, ಅಷ್ಟ. ನಾ ಮರ್ತಿದ್ದೆ ಅನ್ಲಿಲ್ಲ. ನಿಮ್ಮಪ್ಪ ರಿಟೈರ್ ಆಗೋತನಕ ಆ ಆಫೀಸಿನ್ಯಾಗ ಗಡಿಯಾರದ ಗಾಳೆಪ್ಪ ಆದ.”

ಅವ್ವ ಅಳಲಿಲ್ಲ. ನಾನು ಅತ್ತೆ. ಕೋಪ ಬಂತು, ನನ್ನ ಮೇಲೇ. ನಾನೂ ಅದೇ ಸಾಹೇಬರ ಕೆಲಸ ಮಾಡಿದ್ದೇನೆ. ಸಿಕ್ಕಿತು ಬಿಡಪ್ಪ ಅಂದುಬಿಟ್ಟೆ.

ನಾಳೆ ಹೇಳುತ್ತೇನೆ. ಹೇಳಿಯೇ ತೀರುತ್ತೇನೆ.

೨ ಏಪ್ರಿಲ್, ಶುಕ್ರವಾರ

ಪ್ರಿನ್ಸಿಪಾಲರ ಕೋಣೆ. ನಿಂತೇ ಹೇಳಿದೆ. ಕೂತರೆ ಮಾತು ಮೆತ್ತಗಾಗುತ್ತದೆ.

ಅವರಿಗೆ ಸಿಟ್ಟು ಬರಲಿಲ್ಲ, ಬೇಸರ ಬಂತು. “ಮುಗಿದದ್ದನ್ನ ಯಾಕ ಕೆದಕ್ತೀರಿ? ಟಿಕ್ ಬಿದ್ದೈತಿ. ನಿಮ್ಮ ಫೈಲ್ ಮಂಡಳಿ ಮುಂದ ಐತಿ. ಲ್ಯಾಬ್ ಇನ್‌ಚಾರ್ಜ್‌ಗೆ ಎರಡಕ್ಕೂ ನಾಕಕ್ಕೂ ಫರಕು ತಿಳಿಲಿಲ್ಲ ಅಂದ್ರ ನಾ ಏನ್ ಅಂತ ಶಿಫಾರಸು ಮಾಡ್ಲಿ?”

“ತಿಳಿಲಿಲ್ಲ ಅಂತನ ಬರೀರಿ ಸರ್. ಈಗ ತಿಳಿದೈತಿ. ಈ ಜಿಲ್ಲಾದಾಗ ನನ್ನಷ್ಟು ತಿಳಿದವ್ರು ಈಗ ಯಾರೂ ಇರ್ಲಿಕ್ಕಿಲ್ಲ.”

ಯಾವ ಧೈರ್ಯದ ಮೇಲೆ ಅಂದೆನೋ. ಪ್ರಿನ್ಸಿಪಾಲರು ನಗಬಾರದೆಂದು ಮೀಸೆ ಒರೆಸಿಕೊಂಡರು. ನಾಳೆ ಎಲ್ಲರ ಮುಂದೆ ಡಬ್ಬಿ ತೆಗೆಯಲು ಒಪ್ಪಿಗೆ ಸಿಕ್ಕಿತು. ಜೋಗಪ್ಪನನ್ನು ಸಾಬರಲ್ಲಿಗೆ ಕಳಿಸಿದೆ. ಅಂಗಡಿ ತನಕ ಹೋಗಿ ಬಂದ. “ಮಾತಾಡ್ಲಿಲ್ರಿ ಮೇಡಂ. ಚಾನೂ ಕುಡೀಲಿಲ್ಲ,” ಅಂದ. ಹದಿನೈದು ವರ್ಷದಿಂದ ಅವರಿಬ್ಬರೂ ದಿನಾ ಮಧ್ಯಾಹ್ನ ಗೇಟಿನ ಹತ್ತಿರ ಒಂದೇ ಚಾ ಹಂಚಿಕೊಂಡು ಕುಡಿಯುವವರು.

೩ ಏಪ್ರಿಲ್, ಶನಿವಾರ

ಸಾಬರು ಬಂದರು. ಬರುವುದಿಲ್ಲ ಅಂದುಕೊಂಡಿದ್ದೆ. ಇಸ್ತ್ರಿ ಮಾಡಿದ ಅಂಗಿ, ತಲೆಗೆ ಟೋಪಿ. ಚೀಲ ಇಲ್ಲ, ಸ್ಕ್ರೂಡ್ರೈವರ್ ಇಲ್ಲ. ಬರಿಗೈ.

ಸರ್ವರ್ ರೂಮಿನಲ್ಲಿ ಪ್ರಿನ್ಸಿಪಾಲರು, ಹುಲುಗಣ್ಣನವರು, ಬಾಗಿಲಲ್ಲಿ ಅರ್ಧ ಸ್ಟಾಫು. “ತೆಗೀರಿ ಸಾಬ್ರೆ,” ಅಂದರು ಪ್ರಿನ್ಸಿಪಾಲರು.

“ನಾ ಮುಟ್ಟಂಗಿಲ್ರಿ.” ಕೈ ಹಿಂದೆ ಕಟ್ಟಿಕೊಂಡೇ ನಿಂತರು. “ಮುಟ್ಟಿದ್ದಕ್ಕ ಇಷ್ಟಾಗೈತಿ. ಮೇಡಂ ತೆಗೀಲಿ.”

ನಾನು ಇವತ್ತಿನವರೆಗೆ ಒಂದೂ ಡಬ್ಬಿ ಬಿಚ್ಚಿದವಳಲ್ಲ. ಇಷ್ಟು ವರ್ಷ ಎಲ್ಲವನ್ನೂ ಪರದೆಯ ಮೇಲೆ ನೋಡಿದ್ದು. ಲ್ಯಾಬಿನ ಸ್ಕ್ರೂಡ್ರೈವರ್ ತಂದೆ. ಮೊದಲ ಸ್ಕ್ರೂ ತಿರುಗಲೇ ಇಲ್ಲ. ಯಾರೋ ಹಿಂದೆ ಕಿಸಕ್ಕೆಂದರು.

“ಎಡಕ್ಕ ತಿರುವ್ರಿ,” ಅಂದರು ಸಾಬರು, ಅಲ್ಲಿಂದಲೇ. “ಒತ್ತಿ ಹಿಡೀರಿ, ಆಮ್ಯಾಲ ತಿರುವ್ರಿ. ಹಾಂ. ಮುಚ್ಚಳ ಹಿಂದಕ್ಕ ಜಗ್ಗ್ರಿ, ಮ್ಯಾಲಕ್ಕ ಎತ್ತಬ್ಯಾಡ್ರಿ... ಬಂತು.”

ಮುಚ್ಚಳ ಬಂತು. ಎಲ್ಲರೂ ಬಾಗಿದರು.

ಎರಡು ಫ್ಯಾನು. ಎರಡು ಫ್ಯಾನಿನ ಕೆಳಗೆ ಎರಡು ಪ್ರೊಸೆಸರ್ ಚಿಪ್. ಅಷ್ಟೇ ಅಲ್ಲ, ಚಿಪ್ ಕೂರಿಸುವ ಜಾಗಗಳೇ ಎರಡು. ಮೂರನೆಯದಕ್ಕೆ ತಾವೇ ಇಲ್ಲ. ನಾಲ್ಕು ಇರಲು ಈ ಡಬ್ಬಿಯಲ್ಲಿ ಎಂದೂ ಸಾಧ್ಯವಿರಲಿಲ್ಲ.

ಮಾನಿಟರಿನ ಮೇಲೆ ಅದೇ ಹೊತ್ತಿಗೆ ಬಯೋಸ್‌ನ ಸ್ವಿಚ್ ತೋರಿಸಿದೆ. ಹಂಚಿನ ಲೆಕ್ಕ ಹೇಳಿದೆ. ಒಂದು ಹಂಚಿಗೆ ಇಬ್ಬರು ಹೆಣ್ಣುಮಕ್ಕಳು, ಇಲ್ಲಿ ಎರಡು ಹಂಚು. ಮಂದಿ ಎಣಿಸಿದರೆ ನಾಲ್ಕು, ಹಂಚು ಎಣಿಸಿದರೆ ಎರಡು. “ನಾ ಮಂದಿ ಎಣಿಸಿ ರಿಜಿಸ್ಟರ್‌ದಾಗ ಹಂಚಿನ ಕಾಲಮ್ಮಿನ್ಯಾಗ ಬರ್ದೆ. ಬಿಲ್ಲಿನ್ಯಾಗ ಎರಡ ಅಂತ ಸರಿಯಾಗೇ ಇತ್ತು. ಎರಡು ಹೋಗೇ ಇಲ್ಲ, ಬಂದೂ ಇಲ್ಲ. ತಪ್ಪು ನಂದು. ಸಾಬ್ರು ಸೆಲ್ ಬಿಟ್ಟು ಏನೂ ಮುಟ್ಟಿಲ್ಲ.”

ದನಿ ನಡುಗಲಿಲ್ಲ. ಅದೊಂದು ಸಮಾಧಾನ.

ಹುಲುಗಣ್ಣನವರು ಪೆನ್ಸಿಲ್ ತೆಗೆದರು. ಒಂದನೇ ಫ್ಯಾನಿಗೆ ಮುಟ್ಟಿದರು, ಎರಡನೆಯದಕ್ಕೆ ಮುಟ್ಟಿದರು. ಮತ್ತೆಲ್ಲಾದರೂ ಇದೆಯೇ ಅಂತ ಮೂಲೆಗಳನ್ನೂ ನೋಡಿದರು. “ಅಲ್ರಿ ಸಾಬ್ರೆ, ನೀವು ಅವತ್ತು ತೆಗೆದಾಗ ಎಷ್ಟು ಇದ್ದುವು?”

“ಎರಡ.”

“ಮತ್ತ ಹೇಳಬಾರದಿತ್ತ?”

“ನನ್ನ ಯಾರು ಕೇಳಿದ್ರಿ?” ಸಾಬರ ದನಿ ಏರಲಿಲ್ಲ. “ಎರಡು ದಿನ ಊರು ತುಂಬ ಕೇಳಿದ್ರಿ. ಡಬ್ಬಿ ಬಿಚ್ಚಿದಾಂವ ನಾನೊಬ್ಬನ. ನನ್ನ ಒಬ್ಬನ್ನ ಬಿಟ್ಟು ಎಲ್ಲಾರ್ನೂ ಕೇಳಿದ್ರಿ.”

ಬಾಗಿಲಲ್ಲಿ ನಿಂತವರು ಒಬ್ಬೊಬ್ಬರೇ ಕರಗಿದರು. ಇಂಗ್ಲಿಷ್ ಲೆಕ್ಚರರ್ ಎಲ್ಲರಿಗಿಂತ ಮೊದಲು.

ರಿಜಿಸ್ಟರಿನಲ್ಲಿ ನಾಲ್ಕು ಹೊಡೆದುಹಾಕಿ ಎರಡು ಬರೆದೆ. ಸಹಿ ಚಿಕ್ಕದಾಗಿ ಹಾಕಿದೆ. ನಾನು ಮುಚ್ಚಳ ಹಾಕುವುದನ್ನು ಸಾಬರು ನೋಡಿ, ಒಂದು ಸ್ಕ್ರೂ ಸಡಿಲ ಇದೆ ಅಂತ ಹೇಳಿ ಹೋದರು.

೮ ಏಪ್ರಿಲ್, ಗುರುವಾರ

ಹಡಗಲಿ ಸಾಲೆಗೆ ಪ್ರಿನ್ಸಿಪಾಲರೇ ಫೋನ್ ಮಾಡಿದರು. ಆಸ್ಪತ್ರೆಗೆ ನಾನೇ ಹೋಗಿ ಹೇಳಿ ಬಂದೆ. ಎರಡೂ ಕಡೆ ಸಾಬರನ್ನು ಮತ್ತೆ ಕರೆದಿದ್ದಾರೆ. ನಮ್ಮಲ್ಲಿಗೂ ಬಂದರು, ಪ್ರಿಂಟರ್ ರಿಪೇರಿಗೆ. ಸವೆದ ರಬ್ಬರ್ ರೋಲರ್ ತೆಗೆದು ಎಂದಿನಂತೆ ತೋರಿಸಿದರು.

ನನ್ನ ಫೈಲ್ ಮೇಲೆ ‘ಇನ್ನೊಂದು ವರ್ಷ ಪ್ರೊಬೇಷನ್’ ಅಂತ ಬರೆದಿದ್ದಾರೆ. ಹೋಗಲಿ. ಒಂದು ವರ್ಷ ಏನು ಮಹಾ! ಇನ್ನು ಯಾವ ಡಬ್ಬಿಯನ್ನಾದರೂ ಬಿಚ್ಚಿಯೇ ಸಹಿ ಹಾಕುವವಳು ನಾನು. ಅವ್ವನಿಗೂ ಹಾಗೇ ಹೇಳಿದೆ. ಎರಡು ರೊಟ್ಟಿ ಜಾಸ್ತಿ ಬಡಿಸಿದಳು.

ಒಂದೇ ಒಂದು. ಸಾಬರು ಜೋಗಪ್ಪನ ಜೊತೆ ಮಾತಾಡುತ್ತಿಲ್ಲ. ಜೋಗಪ್ಪ ಗೇಟಿನ ಹತ್ತಿರ ಚಾ ತರಿಸಿ ಎರಡು ಕಪ್ಪಿಗೆ ಹಾಕಿ ಕಾಯುತ್ತಾನೆ. ಸಾಬರು ಪಕ್ಕದಿಂದ ದಾಟಿ ಹೋಗುತ್ತಾರೆ.

೧೪ ಏಪ್ರಿಲ್, ಬುಧವಾರ. ಜಯಂತಿ.

ಬೆಳಿಗ್ಗೆ ಮೆರವಣಿಗೆ. ಅವ್ವ ಬಿಳಿ ಸೀರೆ ಉಟ್ಟು ಮುಂದೆ. ಬಸ್ ಸ್ಟ್ಯಾಂಡಿನ ಹತ್ತಿರ ಅಸದುಲ್ಲಾ ಸಾಬರು ತಮ್ಮ ಅಂಗಡಿಯ ಮುಂದೆ ಎಲ್ಲರಿಗೂ ಶರಬತ್ತು ಹಂಚುತ್ತಿದ್ದರು, ಪ್ರತಿ ವರ್ಷ ಹಂಚುವಂತೆ. ನನಗೂ ಕೊಟ್ಟರು. ಹಿಂದೆ ಜೋಗಪ್ಪ ಬಂದ. ಅವನ ಸರದಿಗೆ ಸಾಬರು ಪಾತ್ರೆ ಮಗನ ಕೈಗೆ ಕೊಟ್ಟು ಒಳಗೆ ಹೋದರು. ಜೋಗಪ್ಪ ಕುಡಿಯದೆ ಮುಂದೆ ನಡೆದ.

ಆಮೇಲೆ ಸಾಬರು ನನ್ನನ್ನು ಬದಿಗೆ ಕರೆದರು. “ಮೇಡಂ, ನೀವು ಎಲ್ಲಾರ ಮುಂದ ತಪ್ಪು ಒಪ್ಪಿಕೊಂಡ್ರಿ. ನಿಮ್ಮ ಮ್ಯಾಲ ನಂಗ ಸಿಟ್ಟಿಲ್ಲ. ಆದ್ರ ಅವತ್ತು ನನ್ನ ಹೆಸ್ರು ಮೊದ್ಲು ತೆಗೆದಾಂವ ಜೋಗಪ್ಪ ಅಂತ ಎಲ್ಲಾರೂ ಅಂತಾರ. ಹದಿನೈದು ವರ್ಷ ನನ್ನ ಕಪ್ಪಿನ್ಯಾಗ ಚಾ ಕುಡಿದ. ಅದೊಂದು ನಂಗ ಸಹಿಸಾಕ ಆಗವಲ್ದು.”

ನಾನು ಹೂಂ ಅಂದೆ. ಬರೀ ಹೂಂ!

ಮಧ್ಯಾಹ್ನ ೪

ಈ ಪುಸ್ತಕ ಯಾರೂ ಓದುವುದಿಲ್ಲ. ಇದರಲ್ಲೂ ನಾನು ಸುಳ್ಳು ಬರೆದಿದ್ದೇನೆ. ಇಪ್ಪತ್ತನಾಲ್ಕನೇ ತಾರೀಖು ಅವರ ಹೆಸರು ತಾನಾಗಿ ಬಂದಿರಲಿಲ್ಲ. ರೂಮಿನಲ್ಲಿ ಮೂರೇ ಜನ. ಹುಲುಗಣ್ಣನವರು ಡಬ್ಬಿಯ ಸುದ್ದಿಯನ್ನೇ ಎತ್ತಿರಲಿಲ್ಲ. ಜೋಗಪ್ಪ ಸ್ಟೂಲ್ ಹಿಡಿದು ಬಾಯಿ ಮುಚ್ಚಿ ನಿಂತಿದ್ದ. ಉಳಿದ ಎರಡು ಎಲ್ಲಿ ಅಂದದ್ದೇ ತಡ, ಡಬ್ಬಿ ಯಾರು ತೆಗೆದರು ಅಂತ ಯಾರೂ ಕೇಳುವ ಮೊದಲೇ, ನನ್ನ ಸಹಿ ಉಳಿಯಲಿ ಅಂತ, ನನ್ನ ಬಾಯಿಂದಲೇ ಬಂತು — ‘ಅಸದುಲ್ಲಾ ಸಾಬ್ರು ಡಬ್ಬಿ ತೆಗೆದಿದ್ರು.’

ಜೋಗಪ್ಪ ಕೇಳಿಸಿಕೊಂಡಿದ್ದಾನೆ. ಮೂರು ವಾರದಿಂದ ಯಾರಿಗೂ ಹೇಳಿಲ್ಲ. ದಿನಾ ನನ್ನ ಟೇಬಲ್ಲಿಗೆ ನೀರು ತಂದು ಇಡುತ್ತಾನೆ.

ಚಪ್ಪಲಿ ಮೆಟ್ಟಿಕೊಂಡೆ. ಅಂಗಡಿ ಆರಕ್ಕೆ ಮುಚ್ಚುತ್ತಾರೆ. ಮೊದಲ ಮಾತು ಏನು ಆಡಬೇಕೆಂದು ಇಲ್ಲೇ ಬರೆದುಕೊಂಡು ಹೋಗುತ್ತೇನೆ, ಅಲ್ಲಿ ನಾಲಿಗೆ ಹೊರಳುತ್ತದೋ ಇಲ್ಲವೋ.

ಸಾಬ್ರೆ, ಜೋಗಪ್ಪ ಅಲ್ರಿ. ಅವತ್ತು ನಿಮ್ಮ ಹೆಸ್ರು —